ಮರಿಯಾ ಸಿಬಿಲಾ ಮೇರಿಯಾನ್: ಹುಳುಗಳ ಬದುಕನ್ನು ಬರೆದಿಟ್ಟ ಹೆಣ್ಣುಮಗಳು (ಪದೇ ಪದೇ ಕೇಳುವ ಪ್ರಶ್ನೆಗಳು)

ಮರಿಯಾ ಸಿಬಿಲಾ ಮೇರಿಯಾನ್ ಯಾರು?

ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಚಿಟ್ಟೆಯ ಜೀವನಚಕ್ರದ ಚಿತ್ರ ನೋಡಿರುತ್ತೀರಿ ಅಲ್ವಾ? ಎಲೆಯ ಮೇಲೆ ಮೊಟ್ಟೆ, ಅದನ್ನು ಮೇಯುವ ಹುಳು, ಕಡ್ಡಿಗೆ ಅಂಟಿಕೊಂಡ ಕೋಶ, ಮೇಲೆ ಹಾರುವ ಚಿಟ್ಟೆ. ಇದನ್ನೆಲ್ಲ ಒಂದೇ ಹಾಳೆಯ ಮೇಲೆ, ಆ ಹುಳು ನಿಜವಾಗಿ ತಿನ್ನುವ ಗಿಡದ ಜೊತೆಗೇ ಬಿಡಿಸಬೇಕು ಎಂದು ಮೊದಲು ಹಟ ಹಿಡಿದು ಮಾಡಿದವರು ಮೇರಿಯಾನ್. ಹುಟ್ಟಿದ್ದು 1647ರ ಏಪ್ರಿಲ್ 2ರಂದು, ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ. ತೀರಿಕೊಂಡದ್ದು 1717ರ ಜನವರಿ 13ರಂದು, ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಚಿತ್ರಕಲಾವಿದೆ, ಕೀಟಗಳ ಅಧ್ಯಯನಕಾರ್ತಿ, ಪುಸ್ತಕ ಪ್ರಕಾಶಕಿ, ಬಣ್ಣದ ವ್ಯಾಪಾರಿ, ಇಬ್ಬರು ಹೆಣ್ಣುಮಕ್ಕಳ ತಾಯಿ.

ಹುಳುಗಳ ಹುಚ್ಚು ಹತ್ತಿದ್ದು ಹೇಗೆ?

ರೇಷ್ಮೆ ಹುಳುವಿನಿಂದ. ಹದಿಮೂರನೇ ವಯಸ್ಸಿಗೆ, ಅಂದರೆ 1660ರ ಸುಮಾರಿಗೆ, ಅವರು ಫ್ರಾಂಕ್‌ಫರ್ಟ್‌ನಲ್ಲಿ ರೇಷ್ಮೆ ಹುಳುಗಳನ್ನು ನೋಡಿಕೊಳ್ಳತೊಡಗಿದರು. ರಾಮನಗರ, ಶಿಡ್ಲಘಟ್ಟ, ಕೊಳ್ಳೇಗಾಲದ ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮೊಟ್ಟೆ ಒಡೆದು ಬಂದ ಕೂದಲೆಳೆಯಂಥ ಮರಿ, ಸಣ್ಣಗೆ ಹೆಚ್ಚಿದ ಹಿಪ್ಪುನೇರಳೆ ಸೊಪ್ಪು, ಒಂದನೇ ಜ್ವರ (ಹುಳು ತಿನ್ನುವುದು ನಿಲ್ಲಿಸಿ ಪೊರೆ ಬಿಡುವ ಹೊತ್ತು), ಎರಡನೇ ಜ್ವರ, ನಾಲ್ಕನೇ ಜ್ವರ, ಆಮೇಲೆ ಹಗಲು ರಾತ್ರಿ ಬಿಡದೆ ತಿನ್ನುವ ಹುಳು, ಹಣ್ಣಾದ ಹುಳುವನ್ನು ಗೂಡು ಕಟ್ಟಲೆಂದು ಚಂದ್ರಿಕೆ ಎಂಬ ತಟ್ಟಿಗೆ ಬಿಡುವುದು, ಗೂಡು. ನಮ್ಮ ಹಳ್ಳಿಯ ಮಕ್ಕಳು ಆಟವಾಡುತ್ತಲೇ ಕಲಿಯುವ ಈ ಸಂಗತಿಯನ್ನು ಆ ಹುಡುಗಿ ದಿನ ದಿನವೂ ಚಿತ್ರ ಬರೆದು ಗುರುತು ಹಾಕಿಕೊಂಡಳು.

ಆದರೆ ಆಕೆ ಅಲ್ಲಿಗೇ ನಿಲ್ಲಲಿಲ್ಲ. ಬೇರೆ ಕಂಬಳಿಹುಳುಗಳಿಂದ ರೇಷ್ಮೆ ಪತಂಗಕ್ಕಿಂತ ಚೆಂದದ ಚಿಟ್ಟೆಗಳು, ಪತಂಗಗಳು ಬರುತ್ತವೆ ಎಂದು ಕಂಡಮೇಲೆ, ಕೈಗೆ ಸಿಕ್ಕಿದ ಹುಳುಗಳನ್ನೆಲ್ಲ ಮನೆಗೆ ತಂದು ಸಾಕತೊಡಗಿದಳು. ಜನರ ಸಹವಾಸ ಕಡಿಮೆ ಮಾಡಿಕೊಂಡು ಇದರಲ್ಲೇ ಮುಳುಗಿದೆ ಎಂದು ಅವರೇ ಮುಂದೆ ಬರೆದುಕೊಂಡಿದ್ದಾರೆ.

ಒಬ್ಬ ಹುಡುಗಿಗೆ ಆ ಕಾಲದಲ್ಲಿ ಇದೆಲ್ಲ ಕಲಿಯುವ ಅವಕಾಶ ಎಲ್ಲಿಂದ ಬಂತು?

ಮನೆಯಿಂದ. ವಿಶ್ವವಿದ್ಯಾಲಯದ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿತ್ತು. ಆದರೆ ತಂದೆ ಮ್ಯಾಥಿಯಸ್ ಮೇರಿಯಾನ್ ಹೆಸರುವಾಸಿ ಕೆತ್ತನೆಗಾರ, ಪ್ರಕಾಶಕ. ಮಗಳಿಗೆ ಮೂರು ವರ್ಷವಿದ್ದಾಗಲೇ ಅವರು ತೀರಿಹೋದರು. ತಾಯಿ ಮರುಮದುವೆಯಾದದ್ದು ಯಾಕೋಬ್ ಮಾರೆಲ್ ಎಂಬ ಹೂವಿನ ಚಿತ್ರಕಾರನನ್ನು. ಈ ಮಲತಂದೆಯೇ ಗುರು. ಬಣ್ಣ ಅರೆಯುವುದು, ಕುಂಚ ಹಿಡಿಯುವುದು, ತಾಮ್ರದ ತಗಡಿನ ಮೇಲೆ ಕೆತ್ತುವುದು, ಎಲ್ಲವೂ ಅಡುಗೆಮನೆಯ ಪಕ್ಕದ ಕಾರ್ಖಾನೆಯಲ್ಲೇ ಸಿಕ್ಕಿತು. ಹೂವಿನ ಚಿತ್ರದಲ್ಲಿ ಅಂದಕ್ಕಾಗಿ ಒಂದೆರಡು ಹುಳು, ಜೀರುಂಡೆ ಸೇರಿಸುವುದು ಆಗಿನ ಪದ್ಧತಿ. ಮೇರಿಯಾನ್ ಆ ಹುಳುಗಳನ್ನು ಅಲಂಕಾರದ ಜಾಗದಿಂದ ಎತ್ತಿ ನಡುವೆ ಕೂರಿಸಿದರು.

ಆ ಕಾಲದ ಜನ ಹುಳುಗಳ ಬಗ್ಗೆ ಏನು ನಂಬಿದ್ದರು?

ಕೆಸರಿನಿಂದ, ಇಬ್ಬನಿಯಿಂದ, ಕೊಳೆತ ಮಾಂಸದಿಂದ ಹುಳುಗಳು ತಾವಾಗಿಯೇ ಹುಟ್ಟುತ್ತವೆ ಎಂದು. ಅರಿಸ್ಟಾಟಲ್ ಕಾಲದಿಂದ ಬಂದ ನಂಬಿಕೆ ಇದು. 1668ರಲ್ಲಿ ಇಟಲಿಯ ಫ್ರಾನ್ಸೆಸ್ಕೊ ರೆಡಿ ಮಾಂಸದ ಜಾಡಿಗಳ ಬಾಯಿಗೆ ತೆಳುಬಟ್ಟೆ ಕಟ್ಟಿ, ನೊಣ ಕೂರದಿದ್ದರೆ ಹುಳು ಆಗುವುದಿಲ್ಲ ಎಂದು ತೋರಿಸಿದರು. ಹುಡುಗಿ ಮೇರಿಯಾನ್ ರೇಷ್ಮೆ ಹುಳು ನೋಡತೊಡಗಿ ಆಗಲೇ ಎಂಟು ವರ್ಷ ಕಳೆದಿತ್ತು.

ಹಾಗಾದರೆ ಹುಳು ಚಿಟ್ಟೆಯಾಗುತ್ತದೆ ಎಂದು ಕಂಡುಹಿಡಿದದ್ದು ಇವರೇನಾ?

ಅಲ್ಲ. ಅಂತರ್ಜಾಲದಲ್ಲಿ ಹಾಗೆಂದು ಬರೆಯುವವರು ಬಹಳ. ಅದು ಸರಿಯಲ್ಲ, ಮೇರಿಯಾನ್ ಅವರಿಗೆ ಇಲ್ಲದ ಕಿರೀಟ ತೊಡಿಸುವ ಅಗತ್ಯವೂ ಇಲ್ಲ. ರೇಷ್ಮೆ ಸಾಕುವವರಿಗೆ ಸಾವಿರಾರು ವರ್ಷಗಳಿಂದ ಈ ಸಂಗತಿ ಗೊತ್ತು. ಯುರೋಪಿನಲ್ಲೇ ಯಾನ್ ಹೂಡಾರ್ಟ್ ಎಂಬ ಡಚ್ ಚಿತ್ರಕಾರ ಅವರಿಗಿಂತ ಮುಂಚೆ ಹುಳುಗಳನ್ನು ಸಾಕಿ ಚಿತ್ರ ಬರೆದಿದ್ದರು. ಯಾನ್ ಸ್ವಾಮರ್‌ಡ್ಯಾಮ್ 1669ರಲ್ಲಿ ಕೀಟಗಳ ಬೆಳವಣಿಗೆಯ ಬಗ್ಗೆ ದೊಡ್ಡ ಪುಸ್ತಕವನ್ನೇ ತಂದರು.

ಮೇರಿಯಾನ್ ಅವರ ಹೊಸತನ ಬೇರೆ ಕಡೆ ಇದೆ. ಹುಳುವನ್ನು ಕಂಡ ತಕ್ಷಣ ಅವರು ಕೇಳುತ್ತಿದ್ದ ಪ್ರಶ್ನೆ "ಇದು ಏನು ತಿನ್ನುತ್ತದೆ?" ಎಂಬುದು. ಸ್ವಾಮರ್‌ಡ್ಯಾಮ್ ಹುಳುವನ್ನು ಕೊಯ್ದು ಒಳಗೆ ನೋಡಿದರು. ಇವರು ಹುಳುವನ್ನು ಗಿಡದ ಮೇಲೆ ಬಿಟ್ಟು ನೋಡಿದರು. ಯಾವ ಹುಳುವಿಗೆ ಯಾವ ಎಲೆ, ಆ ಎಲೆ ಸಿಗದಿದ್ದರೆ ಬೇರೆ ತಿನ್ನುತ್ತದೋ, ಸುಮ್ನೆ ಉಪವಾಸ ಬಿದ್ದು ಸಾಯುತ್ತದೋ, ಎಷ್ಟು ದಿನಕ್ಕೆ ಪೊರೆ ಬಿಡುತ್ತದೆ, ಕೋಶದಿಂದ ಹೊರಬರಲು ಎಷ್ಟು ದಿನ ಬೇಕು. ಈಗ ನಾವು ಪರಿಸರ ವಿಜ್ಞಾನ ಎಂದು ಕರೆಯುವುದರ ಬೇರು ಈ ಪ್ರಶ್ನೆಗಳಲ್ಲಿದೆ ಎಂದು ನನಗೆ ಅನಿಸುತ್ತದೆ. ಗಿಡವನ್ನೂ ಪ್ರಾಣಿಯನ್ನೂ ಬೇರೆ ಬೇರೆ ಪುಸ್ತಕದಲ್ಲಿ ಇಡುತ್ತಿದ್ದ ಕಾಲದಲ್ಲಿ ಅವರು ಎರಡನ್ನೂ ಬಿಡಿಸದೆ ಇಟ್ಟರು.

ಮದುವೆ, ಸಂಸಾರ?

1665ರಲ್ಲಿ, ಹದಿನೆಂಟನೇ ವಯಸ್ಸಿಗೆ, ಮಲತಂದೆಯ ಶಿಷ್ಯ ಯೋಹಾನ್ ಆಂದ್ರಿಯಾಸ್ ಗ್ರಾಫ್ ಜೊತೆ ಮದುವೆಯಾಯಿತು. 1668ರಲ್ಲಿ ಯೋಹಾನಾ ಹೆಲೆನಾ, 1678ರಲ್ಲಿ ಡೊರೊಥಿಯಾ ಮರಿಯಾ ಹುಟ್ಟಿದರು. ಸಂಸಾರ ಗಂಡನ ಊರು ನ್ಯೂರೆಂಬರ್ಗ್‌ಗೆ ಹೋಯಿತು.

ನ್ಯೂರೆಂಬರ್ಗ್‌ನಲ್ಲಿ ಅವರು ಏನು ಮಾಡುತ್ತಿದ್ದರು?

ದುಡಿಯುತ್ತಿದ್ದರು. ಶ್ರೀಮಂತರ ಮನೆಯ ಹೆಣ್ಣುಮಕ್ಕಳಿಗೆ ಚಿತ್ರಕಲೆ, ಕಸೂತಿ ಹೇಳಿಕೊಡುತ್ತಿದ್ದರು. ಬಣ್ಣ ಮಾರುತ್ತಿದ್ದರು. ಬಟ್ಟೆಯ ಮೇಲೆ ಹೂ ಬರೆದು ಕೊಡುತ್ತಿದ್ದರು. 1675ರಿಂದ 1680ರವರೆಗೆ ಮೂರು ಭಾಗಗಳಲ್ಲಿ ಹೂವಿನ ಚಿತ್ರಗಳ ಪುಸ್ತಕ ತಂದರು. ಕಸೂತಿ ಹಾಕುವವರು ನೋಡಿಕೊಂಡು ಹಾಕಲಿ ಎಂದು ಮಾಡಿದ ಪುಸ್ತಕ ಅದು. ಆ ಪಾಠದ ಕೋಣೆಯಿಂದ ಒಂದು ಲಾಭವೂ ಆಯಿತು: ಶಿಷ್ಯೆಯರ ಮನೆಗಳಿಗೆ ದೊಡ್ಡ ದೊಡ್ಡ ತೋಟಗಳಿದ್ದವು. ತೋಟ ಎಂದರೆ ಹುಳು.

1679ರ ಕಂಬಳಿಹುಳುಗಳ ಪುಸ್ತಕದಲ್ಲಿ ಅಂಥದ್ದೇನಿದೆ?

ಕಂಬಳಿಹುಳುಗಳ ಅಚ್ಚರಿಯ ಮಾರ್ಪಾಟಿನ ಬಗ್ಗೆ, ಅವು ತಿನ್ನುವ ಗಿಡಗಳ ಬಗ್ಗೆ ಬರೆದ ಪುಸ್ತಕ. ಐವತ್ತು ಚಿತ್ರಪಟಗಳು, ಪ್ರತಿಯೊಂದಕ್ಕೂ ವಿವರಣೆ, ಅದೂ ಲ್ಯಾಟಿನ್‌ನಲ್ಲಲ್ಲ, ಊರಿನ ಜನ ಓದುವ ಜರ್ಮನ್‌ನಲ್ಲಿ. ಮೊದಲ ಪಟವೇ ಹಿಪ್ಪುನೇರಳೆ ಮತ್ತು ರೇಷ್ಮೆ ಹುಳು. 1683ರಲ್ಲಿ ಇನ್ನೂ ಐವತ್ತು ಪಟಗಳ ಎರಡನೇ ಭಾಗ ಬಂತು. ಮೂರನೆಯದನ್ನು ಅವರು ತೀರಿಕೊಂಡ ವರ್ಷ ಮಗಳು ಡೊರೊಥಿಯಾ ಹೊರತಂದರು.

ಈ ಪುಸ್ತಕದಲ್ಲಿ ನನಗೆ ತುಂಬ ಹಿಡಿಸುವ ಒಂದು ಅಂಶ ಇದೆ. ಹುಳು ಸಾಕುವವರಿಗೆ ಆಗಾಗ ಒಂದು ನಿರಾಸೆ ಕಾದಿರುತ್ತದೆ. ಚಿಟ್ಟೆ ಬರಲಿ ಎಂದು ಕಾಯುತ್ತಿದ್ದರೆ ಕೋಶದಿಂದ ನೊಣವೋ ಸಣ್ಣ ಕಣಜವೋ ಹೊರಬರುತ್ತದೆ. ಬೇರೆಯವರಾದರೆ ಕೆಟ್ಟುಹೋಯಿತು ಎಂದು ಬಿಸಾಡುತ್ತಿದ್ದರು. ಮೇರಿಯಾನ್ ಅದನ್ನೂ ಬರೆದುಕೊಂಡರು, ಆ ನೊಣವನ್ನೂ ಅದೇ ಪಟದಲ್ಲಿ ಬಿಡಿಸಿದರು. ನಮ್ಮ ರೇಷ್ಮೆ ಬೆಳೆಗಾರರಿಗೆ ಇದು ಊಜಿ ನೊಣದ ಕಾಟ ಎಂದು ತಕ್ಷಣ ಹೊಳೆಯುತ್ತದೆ: ನೊಣ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಹೊಕ್ಕು ತಿನ್ನುತ್ತದೆ, ಕೊನೆಗೆ ಗೂಡು ತೂತು. ಆ ಪುಸ್ತಕ ಬಂದ ಹೊತ್ತಿಗೆ ಪರಾವಲಂಬಿ ಕೀಟದ ಈ ಪೂರ್ತಿ ಕತೆ ಇನ್ನೂ ಸ್ಪಷ್ಟವಾಗಿರಲಿಲ್ಲ. ಅರ್ಥವಾಗದ್ದನ್ನೂ ಮುಚ್ಚಿಡದೆ, ಕಂಡ ಹಾಗೆ ದಾಖಲಿಸಿದರು.

ಗಂಡನನ್ನು ಬಿಟ್ಟು ಹೋದದ್ದು ನಿಜವೇ?

ನಿಜ. 1680ರ ದಶಕದ ಮಧ್ಯದಲ್ಲಿ ಮುದಿ ತಾಯಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ನೆದರ್‌ಲ್ಯಾಂಡ್ಸ್‌ನ ಫ್ರೀಸ್‌ಲ್ಯಾಂಡ್‌ಗೆ ಹೋದರು. ವೀವರ್ಡ್ ಎಂಬ ಊರಿನ ಕೋಟೆಮನೆಯಲ್ಲಿ ಲಬಾಡಿಸ್ಟರು ಎಂಬ ಕ್ರೈಸ್ತ ಪಂಥದವರು ಆಸ್ತಿಯೆಲ್ಲ ಒಟ್ಟಿಗೆ ಹಾಕಿ ಆಶ್ರಮದಂತೆ ಬದುಕುತ್ತಿದ್ದರು. ಅಲ್ಲಿ ಸೇರಿಕೊಂಡರು. ಗಂಡ ಹಿಂದೆಯೇ ಬಂದು ಕರೆದರೂ ವಾಪಸ್ ಹೋಗಲಿಲ್ಲ. ಮುಂದೆ ವಿಚ್ಛೇದನವಾಯಿತು. ತಾಯಿ 1690ರಲ್ಲಿ ತೀರಿಕೊಂಡರು. ಮರುವರ್ಷ ಮೇರಿಯಾನ್ ಮಕ್ಕಳೊಂದಿಗೆ ಆಮ್‌ಸ್ಟರ್‌ಡ್ಯಾಮ್‌ಗೆ ಬಂದು ಸ್ವಂತ ಕೆಲಸ ಶುರುಮಾಡಿದರು. ಮತ್ತೆ ತಂದೆಯ ಮನೆತನದ ಹೆಸರನ್ನೇ ಇಟ್ಟುಕೊಂಡರು.

ಐವತ್ತೆರಡನೇ ವಯಸ್ಸಿನಲ್ಲಿ ಸುರಿನಾಮ್‌ಗೆ ಹೋಗುವಂಥದ್ದು ಏನಿತ್ತು?

ಆಮ್‌ಸ್ಟರ್‌ಡ್ಯಾಮ್ ಆಗ ಜಗತ್ತಿನ ಸರಕೆಲ್ಲ ಬಂದು ಇಳಿಯುವ ಬಂದರು. ಶ್ರೀಮಂತರ ಮನೆಗಳಲ್ಲಿ ದೂರದೇಶದ ಚಿಟ್ಟೆ, ಚಿಪ್ಪು, ಹಾವುಗಳ ಸಂಗ್ರಹ. ನಗರದ ಮೇಯರ್ ನಿಕೊಲಾಸ್ ವಿಟ್ಸೆನ್, ವೈದ್ಯ ಫ್ರೆಡ್ರಿಕ್ ರಾಯ್ಶ್ ಇವರ ಸಂಗ್ರಹಗಳನ್ನು ಮೇರಿಯಾನ್ ನೋಡಿದರು. ಸಾಲು ಸಾಲು ಚಿಟ್ಟೆಗಳು, ಎಲ್ಲವೂ ಸತ್ತವು. ಅವು ಯಾವ ಹುಳುವಿನಿಂದ ಬಂದವು, ಯಾವ ಎಲೆ ತಿಂದವು ಎಂದು ಕೇಳಿದರೆ ಹೇಳುವವರಿಲ್ಲ. ಅದನ್ನು ತಿಳಿಯಬೇಕಾದರೆ ಅವು ಇರುವಲ್ಲಿಗೇ ಹೋಗಬೇಕು.

ಹೋದರು. ರಾಜರ ಅಪ್ಪಣೆಯಿಲ್ಲ, ಕಂಪನಿಯ ಸಂಬಳವಿಲ್ಲ. ತಮ್ಮ ಚಿತ್ರಗಳನ್ನೂ ಸಂಗ್ರಹವನ್ನೂ ಮಾರಿ ದುಡ್ಡು ಹೊಂದಿಸಿದರು, ಉಯಿಲು ಬರೆದಿಟ್ಟರು, 1699ರ ಬೇಸಿಗೆಯಲ್ಲಿ ಕಿರಿಯ ಮಗಳು ಡೊರೊಥಿಯಾಳ ಜೊತೆ ಹಡಗು ಹತ್ತಿದರು. ದಕ್ಷಿಣ ಅಮೆರಿಕದ ಉತ್ತರ ದಂಡೆಯ ಸುರಿನಾಮ್ 1667ರಿಂದ ಡಚ್ಚರ ಕೈಯಲ್ಲಿತ್ತು. ಲಬಾಡಿಸ್ಟರಿಗೂ ಅಲ್ಲಿ ಒಂದು ತೋಟವಿತ್ತು. ಮುಂದಿನ ಶತಮಾನಗಳಲ್ಲಿ ಹಂಬೋಲ್ಟ್, ಡಾರ್ವಿನ್, ವ್ಯಾಲೇಸ್‌ರಂಥ ಪ್ರಕೃತಿ ವಿಜ್ಞಾನಿಗಳು ಮಾಡಿದ ಬಗೆಯ ಪ್ರಯಾಣ ಇದು. ಬರೀ ಪ್ರಕೃತಿಯನ್ನು ಅರಿಯಲಿಕ್ಕೆಂದೇ ಕೈಯಿಂದ ದುಡ್ಡು ಹಾಕಿಕೊಂಡು ಹೊರಟ ಇಬ್ಬರು ಹೆಂಗಸರು, ಹಂಬೋಲ್ಟ್ ದಕ್ಷಿಣ ಅಮೆರಿಕಕ್ಕೆ ಕಾಲಿಡುವ ನೂರು ವರ್ಷ ಮುಂಚೆ.

ಸುರಿನಾಮ್‌ನಲ್ಲಿ ಕೆಲಸ ಹೇಗೆ ನಡೆಯಿತು?

ಅಲ್ಲಿನ ಮುಖ್ಯ ಪಟ್ಟಣ ಪರಮರಿಬೊದಲ್ಲಿ ಮನೆ ಮಾಡಿದರು. ತೋಟದ ಹೂವಿನಿಂದ ಹುಳುಗಳನ್ನು ತಂದು ಪೆಟ್ಟಿಗೆಯಲ್ಲಿಟ್ಟು, ದಿನಾ ಹೊಸ ಎಲೆ ಹಾಕಿ, ಬದಲಾವಣೆ ಕಂಡ ಹಾಗೆಲ್ಲ ಬರೆದುಕೊಂಡರು. ಕಾಡಿಗೆ ಹೋದಾಗ ಮುಳ್ಳು, ಪೊದೆ. ಗುಲಾಮರು ಕೊಡಲಿಯಿಂದ ದಾರಿ ಕಡಿದು ಕೊಡಬೇಕಾಗುತ್ತಿತ್ತು. 1700ರಲ್ಲಿ ಸುರಿನಾಮ್ ನದಿಯಲ್ಲಿ ಮೇಲಕ್ಕೆ ಸಾಗಿ ಲಬಾಡಿಸ್ಟರ ತೋಟದವರೆಗೂ ಹೋದರು. ಎತ್ತರದ ಮರದ ಹುಳುವನ್ನು ಹಿಡಿಯಲು ಒಮ್ಮೆ ಮರವನ್ನೇ ಕಡಿಸಿದ್ದೂ ಉಂಟು.

ಸಾಕುವಾಗ ಸತ್ತರೆ ಅಥವಾ ಸಾಕಲು ಆಗದಿದ್ದರೆ ಕಂಬಳಿಹುಳುಗಳನ್ನು ಬ್ರಾಂದಿಯಲ್ಲಿ ಹಾಕಿಡುತ್ತಿದ್ದರು. ಚಿಟ್ಟೆಗಳಿಗೆ ಬೇರೆ ವಿಧಾನ: ದಬ್ಬಣವನ್ನು ದೀಪದ ಉರಿಯಲ್ಲಿ ಕಾಯಿಸಿ ಮೈಗೆ ಚುಚ್ಚಿದರೆ ಅದು ಆ ಕ್ಷಣವೇ ಸಾಯುತ್ತದೆ, ರೆಕ್ಕೆ ಬಡಿದು ಬಣ್ಣ ಉದುರುವುದಿಲ್ಲ. ಆಮೇಲೆ ಪೆಟ್ಟಿಗೆಗೆ ಲ್ಯಾವೆಂಡರ್ ಜಾತಿಯ ಎಣ್ಣೆ ಸವರಿದರೆ ಬೇರೆ ಹುಳು ಬಂದು ಚಿಟ್ಟೆಯನ್ನು ತಿನ್ನುವುದಿಲ್ಲ.

ಅಲ್ಲಿನ ಬಿಳಿಯ ಜಮೀನ್ದಾರರಿಗೆ ಕಬ್ಬು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಸಕ್ಕರೆ ಬಿಟ್ಟು ಈ ದೇಶದಲ್ಲಿ ಬೇರೆ ಏನು ಹುಡುಕುತ್ತೀಯ ಎಂದು ನನ್ನನ್ನು ಗೇಲಿ ಮಾಡುತ್ತಿದ್ದರು ಎಂದು ಮೇರಿಯಾನ್ ಬರೆದಿದ್ದಾರೆ. ಬಿಸಿಲು ಅವರಿಗೆ ತಡೆಯಲಾಗಲಿಲ್ಲ. ಬೇಕಾದಷ್ಟು ದಿನ ಇರಲು ಕಾಯಿಲೆ ಬಿಡಲಿಲ್ಲ. ಬಹುಶಃ ಮಲೇರಿಯಾ. ಎರಡು ವರ್ಷಕ್ಕೇ ಹೊರಟು 1701ರ ಸೆಪ್ಟೆಂಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್ ತಲುಪಿದರು.

ರತ್ನಗಂಧಿ ಹೂವಿಗೂ ಮೇರಿಯಾನ್‌ಗೂ ಏನು ಸಂಬಂಧ?

ನಮ್ಮ ಶಾಲೆ, ದೇವಸ್ಥಾನ, ಬಸ್ ನಿಲ್ದಾಣದ ಅಂಗಳದಲ್ಲೆಲ್ಲ ಕೆಂಪು ಹಳದಿ ಹೂ ಬಿಡುವ ರತ್ನಗಂಧಿ ಮೂಲತಃ ಅಮೆರಿಕ ಖಂಡದ ಉಷ್ಣವಲಯದ ಗಿಡ. ಸುರಿನಾಮ್ ಪುಸ್ತಕದ 45ನೇ ಪಟ ಅದೇ. ಹೂ, ಕಾಯಿ, ಎಲೆಯ ಮೇಲೆ ಹಸಿರು ಹುಳು, ಮೇಲೆ ಹಾರುವ ಪತಂಗ. ನೋಡಲು ಎಷ್ಟು ಚೆಂದವೋ, ಜೊತೆಗಿನ ಬರಹ ಅಷ್ಟೇ ಎದೆ ಒಡೆಯುವಂಥದ್ದು.

ಡಚ್ಚರ ಕೈಯಲ್ಲಿ ಹಿಂಸೆ ಪಡುತ್ತಿದ್ದ ಮೂಲನಿವಾಸಿ ಹೆಂಗಸರು ಈ ಗಿಡದ ಬೀಜ ತಿಂದು ಬಸಿರು ಇಳಿಸಿಕೊಳ್ಳುತ್ತಾರೆ, ತಮ್ಮ ಮಕ್ಕಳು ತಮ್ಮ ಹಾಗೆ ಗುಲಾಮರಾಗದಿರಲಿ ಎಂದು, ಹೀಗೆಂದು ಮೇರಿಯಾನ್ ಬರೆದರು. ಆಫ್ರಿಕಾದ ಗಿನಿ, ಅಂಗೋಲಾದಿಂದ ತಂದ ಗುಲಾಮ ಹೆಂಗಸರ ಸಂಕಟವನ್ನೂ ಬರೆದರು. ಕೆಲವರು ಪ್ರಾಣವನ್ನೇ ಕಳೆದುಕೊಳ್ಳುತ್ತಾರೆ, ಸತ್ತರೆ ತಮ್ಮ ನಾಡಿನಲ್ಲಿ ತಮ್ಮವರ ನಡುವೆ ಮತ್ತೆ ಹುಟ್ಟುತ್ತೇವೆ ಎಂದು ನಂಬುತ್ತಾರೆ ಎಂದರು. ಇದನ್ನು ಅವರ ಬಾಯಿಂದಲೇ ಕೇಳಿದೆ ಎಂದೂ ಸೇರಿಸಿದರು. ಗಿಡ, ಹುಳುಗಳ ಪುಸ್ತಕದಲ್ಲಿ ಇಂಥ ಮಾತು ಆಗ ಅಪರೂಪ. ಒಬ್ಬ ಹೆಂಗಸು ಕೇಳಿದ್ದರಿಂದ ಆ ಹೆಂಗಸರು ಬಾಯಿಬಿಟ್ಟು ಹೇಳಿರಬೇಕು ಎಂದು ನನ್ನ ಊಹೆ.

ಹಾಗಾದರೆ ಅವರು ಗುಲಾಮಗಿರಿಯ ವಿರೋಧಿಯೇ?

ಹಾಗೆ ಹೇಳಲಾಗದು. ಅವರ ಮನೆಯಲ್ಲೂ ಗುಲಾಮರು ದುಡಿದರು. ಕಾಡಿನ ದಾರಿ ಕಡಿದವರು, ಹುಳು ಹುಡುಕಿ ತಂದವರು, ಯಾವ ಗಿಡದಿಂದ ಯಾವ ಮದ್ದು ಎಂದು ಹೇಳಿಕೊಟ್ಟವರು ಆಫ್ರಿಕಾದವರು ಮತ್ತು ಮೂಲನಿವಾಸಿಗಳು. ಮೇರಿಯಾನ್ ಆ ತಿಳಿವಳಿಕೆ ತಮ್ಮದೆಂದು ಹೇಳಿಕೊಳ್ಳಲಿಲ್ಲ. ಇವರಿಂದ ತಿಳಿಯಿತು, ಇವರು ತಂದುಕೊಟ್ಟರು ಎಂದು ಅಲ್ಲಲ್ಲಿ ಬರೆದಿದ್ದಾರೆ. ಆದರೆ ಹೆಸರು ಬರೆಯಲಿಲ್ಲ. ವಾಪಸಾಗುವಾಗ ಒಬ್ಬ ಮೂಲನಿವಾಸಿ ಹೆಂಗಸನ್ನೂ ಆಮ್‌ಸ್ಟರ್‌ಡ್ಯಾಮ್‌ಗೆ ಕರೆತಂದರು. ಆ ಪುಸ್ತಕದ ತಯಾರಿಯಲ್ಲಿ ಅವಳ ಅರಿವಿಗೂ ಪಾಲಿದೆ. ಮೇರಿಯಾನ್ ಬಗ್ಗೆ ಮಾತನಾಡುವಾಗಲೆಲ್ಲ ಈ ಜನರನ್ನೂ ನೆನೆಯಬೇಕು. ಇಲ್ಲದಿದ್ದರೆ ಅರ್ಧ ಕತೆ ಹೇಳಿದ ಹಾಗೆ.

ಸುರಿನಾಮ್ ಪುಸ್ತಕ ಹೇಗೆ ತಯಾರಾಯಿತು?

"ಮೆಟಮಾರ್ಫೊಸಿಸ್ ಇನ್ಸೆಕ್ಟೋರಮ್ ಸುರಿನಾಮೆನ್ಸಿಯಮ್" 1705ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬಂತು. ದೊಡ್ಡ ಆಕಾರ, ಅರವತ್ತು ಪಟಗಳು, ಲ್ಯಾಟಿನ್ ಮತ್ತು ಡಚ್ ಎರಡರಲ್ಲೂ. ಖರ್ಚೆಲ್ಲ ಅವರದೇ. ಮುಂಗಡ ಚಂದಾ ಕೇಳಿ, ಚಿತ್ರ ಮಾರಿ ಹಣ ಕೂಡಿಸಿದರು. ತಾಮ್ರದ ತಗಡುಗಳನ್ನು ಬಹುಪಾಲು ಬೇರೆ ಕೆತ್ತನೆಗಾರರಿಂದ ಮಾಡಿಸಿದರು, ಕೆಲವನ್ನು ತಾವೇ ಕೆತ್ತಿದರು. ಗಿಡಗಳ ಲ್ಯಾಟಿನ್ ಹೆಸರು ಸೇರಿಸಿಕೊಟ್ಟವರು ಅಲ್ಲಿನ ಸಸ್ಯೋದ್ಯಾನದ ಕಾಸ್ಪರ್ ಕೊಮೆಲಿನ್.

ಕೆಲವು ಪ್ರತಿಗಳಲ್ಲಿ ಅವರು ಒಂದು ಸೂಕ್ಷ್ಮ ವಿಧಾನ ಬಳಸಿದರು. ತಾಮ್ರದ ತಗಡಿನಿಂದ ಹಾಳೆಗೆ ಅಚ್ಚು ತೆಗೆದ ಕೂಡಲೇ, ಮಸಿ ಹಸಿಯಾಗಿರುವಾಗ, ಅದರ ಮೇಲೆ ಇನ್ನೊಂದು ಖಾಲಿ ಹಾಳೆ ಒತ್ತುವುದು. ಆ ಎರಡನೇ ಹಾಳೆಗೆ ಮೂಡುವ ಗೆರೆ ತೆಳು, ಮಂಕು. ತಗಡಿನ ಅಂಚಿನ ಗುರುತೂ ಬೀಳುವುದಿಲ್ಲ. ಮೇಲೆ ಜಲವರ್ಣ ಹಚ್ಚಿದರೆ ಕರಿಗೆರೆ ಎದ್ದು ಕಾಣದೆ ಕೈಯಲ್ಲಿ ಬರೆದ ಚಿತ್ರದ ಹಾಗೇ ಕಾಣುತ್ತದೆ. ತಗಡಿನ ಅಚ್ಚಿನಲ್ಲಿ ಎಡಬಲ ತಿರುಗಿಹೋಗಿದ್ದ ಚಿತ್ರ ಇಲ್ಲಿ ಮತ್ತೆ ಮೂಲದಂತೆ ನೇರವಾಗುತ್ತದೆ.

ಪಟಗಳಲ್ಲಿರುವ ಗಿಡಗಳನ್ನು ನೋಡಿದರೆ ನಮ್ಮ ಹಿತ್ತಲಿನ ಹಾಗಿದೆ: ಅನಾನಸ್, ಮರಗೆಣಸು, ಸೀಬೆ, ಪರಂಗಿ, ಗೋಡಂಬಿ, ಬಾಳೆ. ಮೊದಲ ಪಟದಲ್ಲಿ ಅನಾನಸ್ ಹೂವಿನ ಮೇಲೆ ಜಿರಲೆಗಳು. ಹಣ್ಣುಗಳಲ್ಲಿ ರಾಜನೆಂದು ಕೊಂಡಾಡುವ ಅನಾನಸ್ ಮೇಲೆ ಜಿರಲೆ ಕೂರಿಸಲು ಧೈರ್ಯ ಬೇಕು.

ಹಕ್ಕಿಯನ್ನು ತಿನ್ನುವ ಜೇಡದ ಚಿತ್ರ ನಿಜವೋ, ಕಲ್ಪನೆಯೋ?

ನಿಜ. ಸೀಬೆ ಗಿಡದ 18ನೇ ಪಟದಲ್ಲಿ ದೊಡ್ಡ ರೋಮದ ಜೇಡವೊಂದು ಪುಟ್ಟ ಝೇಂಕಾರದ ಹಕ್ಕಿಯನ್ನು (ಹಮ್ಮಿಂಗ್‌ಬರ್ಡ್) ಗೂಡಿನಿಂದ ಎಳೆದು ತಿನ್ನುತ್ತಿದೆ. ಅದೇ ಪಟದಲ್ಲಿ ಎಲೆ ಕತ್ತರಿಸುವ ಇರುವೆಗಳು ಒಂದಕ್ಕೊಂದು ಮೈ ಜೋಡಿಸಿ ಕೊಂಬೆಯಿಂದ ಕೊಂಬೆಗೆ ಸೇತುವೆ ಕಟ್ಟಿವೆ. ಇವು ಒಂದೇ ರಾತ್ರಿಯಲ್ಲಿ ಮರದ ಎಲೆಯನ್ನೆಲ್ಲ ಕತ್ತರಿಸಿ ಪೊರಕೆಯಂತೆ ಬೋಳು ಮಾಡುತ್ತವೆ ಎಂದು ಬರೆದರು.

19ನೇ ಶತಮಾನದಲ್ಲಿ ಕೆಲವು ಪಂಡಿತರಿಗೆ ಇದು ನಂಬಿಕೆಗೆ ಬರಲಿಲ್ಲ. ಲ್ಯಾನ್ಸ್‌ಡೌನ್ ಗಿಲ್ಡಿಂಗ್ ಎಂಬ ಪಾದ್ರಿ 1834ರಲ್ಲಿ ಅಚ್ಚಾದ ಬರಹದಲ್ಲಿ ಪುಸ್ತಕದ ತಪ್ಪುಗಳನ್ನೆಲ್ಲ ಪಟ್ಟಿ ಮಾಡಿ ಕಟುವಾಗಿ ಟೀಕಿಸಿದರು. ಸುರಿನಾಮ್‌ಗೆ ಅವರು ಕಾಲಿಟ್ಟಿರಲಿಲ್ಲ. ಆಮೇಲೆ ಇಂಗ್ಲೆಂಡಿನ ಪ್ರಕೃತಿ ವಿಜ್ಞಾನಿ ಹೆನ್ರಿ ವಾಲ್ಟರ್ ಬೇಟ್ಸ್ ಅಮೆಜಾನ್ ಕಾಡಿನಲ್ಲಿ ಜೇಡ ಹಕ್ಕಿಯನ್ನು ಹಿಡಿದದ್ದನ್ನು ಕಣ್ಣಾರೆ ಕಂಡು 1863ರ ತಮ್ಮ ಪುಸ್ತಕದಲ್ಲಿ ಬರೆದರು. ಮೇರಿಯಾನ್ ಹೇಳಿದ್ದು ಸುಳ್ಳಲ್ಲ ಎಂದು ಸಾಬೀತಾಗಲು ಒಂದೂವರೆ ಶತಮಾನ ಹಿಡಿಯಿತು.

ಪುಸ್ತಕದಲ್ಲಿ ತಪ್ಪುಗಳೇ ಇಲ್ಲವೇ?

ಇವೆ. ಅದೇ 18ನೇ ಪಟದಲ್ಲಿ ಹಕ್ಕಿಯ ಗೂಡಿನಲ್ಲಿ ನಾಲ್ಕು ಮೊಟ್ಟೆಗಳಿವೆ. ಆ ಜಾತಿಯ ಹಕ್ಕಿಗಳು ಸಾಮಾನ್ಯವಾಗಿ ಎರಡೇ ಇಡುತ್ತವೆ. ಎಲೆ ಕತ್ತರಿಸುವ ಇರುವೆ ಮತ್ತು ದಂಡು ಕಟ್ಟಿಕೊಂಡು ಮನೆಗೆ ನುಗ್ಗಿ ಹುಳ ಹುಪ್ಪಟೆ ತಿನ್ನುವ ಇರುವೆ, ಇವೆರಡನ್ನೂ ಒಂದೇ ಎಂದುಕೊಂಡರು. ಕಡಲೆಕಾಯಿಯ ಹಾಗೆ ಉಬ್ಬಿದ ತಲೆಯ ಕೀಟವೊಂದು ರಾತ್ರಿ ಹೊಳೆಯುತ್ತದೆ ಎಂದು ಬರೆದರು. ಅದು ಹೊಳೆಯುವುದಿಲ್ಲ. ಆದರೆ ಜೀವಿಗಳಿಗೆ ಶಾಸ್ತ್ರೀಯ ಹೆಸರಿಡುವ ಪದ್ಧತಿ ತಂದ ಲಿನೇಯಸ್, ಮೇರಿಯಾನ್ ಮಾತನ್ನೇ ನಂಬಿ ಆ ಕೀಟಕ್ಕೆ ಲಾಂದ್ರದ ಹೆಸರಿಟ್ಟರು. ಇವತ್ತಿಗೂ ಆ ಹೆಸರು ಹಾಗೇ ಇದೆ.

ಕಾಯಿಲೆ ಬಿದ್ದು ಅವಸರದಲ್ಲಿ ಹೊರಟವರು, ಟಿಪ್ಪಣಿ ಮತ್ತು ಒಣಗಿಸಿದ ಮಾದರಿ ನೋಡಿಕೊಂಡು ನಾಲ್ಕು ವರ್ಷ ಕೂತು ಮುಗಿಸಿದ ಪುಸ್ತಕ ಇದು. ಅವರು ತೀರಿಕೊಂಡ ಮೇಲೆ ಬಂದ ಮುದ್ರಣಗಳಿಗೆ ಬೇರೆಯವರು ಪಟಗಳನ್ನು ಸೇರಿಸಿದರು, ಸಿಕ್ಕ ಸಿಕ್ಕ ಬಣ್ಣ ಹಚ್ಚಿದರು. ಆ ತಪ್ಪುಗಳನ್ನೂ ಇವರ ತಲೆಗೇ ಕಟ್ಟಿದ್ದು ಅನ್ಯಾಯ.

ಅವರ ಕೆಲಸ ಮುಂದಿನವರಿಗೆ ಉಪಯೋಗವಾಯಿತೇ?

ಬಹಳ. ಲಿನೇಯಸ್ ಗಿಡ, ಪ್ರಾಣಿಗಳಿಗೆ ಹೆಸರಿಡುವಾಗ ಅವರ ಪಟಗಳನ್ನು ಮತ್ತೆ ಮತ್ತೆ ಉಲ್ಲೇಖಿಸಿದರು. ಎಷ್ಟೋ ಜೀವಿಗಳು ಯುರೋಪಿನ ವಿಜ್ಞಾನಕ್ಕೆ ಗೊತ್ತಾದದ್ದೇ ಆ ಚಿತ್ರಗಳಿಂದ. ದಕ್ಷಿಣ ಅಮೆರಿಕದ 'ತೇಗು' ಎಂಬ ದೊಡ್ಡ ಹಲ್ಲಿಯ ಶಾಸ್ತ್ರೀಯ ಹೆಸರಿನಲ್ಲಿ ಮೇರಿಯಾನ್ ಇದ್ದಾರೆ. 2018ರಲ್ಲಿ ಪನಾಮಾದ ಒಂದು ಅಪರೂಪದ ಕಪ್ಪು ಚಿಟ್ಟೆಗೆ ಅವರ ಸಿಬಿಲಾ ಹೆಸರನ್ನೇ ಇಟ್ಟರು. ಯೂರೋ ಬರುವ ಮುಂಚೆ ಜರ್ಮನಿಯ 500 ಮಾರ್ಕ್ ನೋಟಿನ ಮೇಲೆ ಅವರ ಮುಖವಿತ್ತು.

ಅವರು ಭಾರತಕ್ಕೆ ಬಂದಿದ್ದರೇ?

ಇಲ್ಲ. ಆದರೆ ಅವರ ಬಳಗಕ್ಕೂ ನಮ್ಮ ಪಶ್ಚಿಮ ಕರಾವಳಿಗೂ ನಂಟಿದೆ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಲಬಾರಿನ ಗಿಡಮೂಲಿಕೆಗಳ ಬಗ್ಗೆ ಅಲ್ಲಿನ ವೈದ್ಯರನ್ನು ಕೇಳಿ ಮಾಡಿಸಿದ "ಹೋರ್ಟಸ್ ಮಲಬಾರಿಕಸ್" 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಾಗಿ ಆಮ್‌ಸ್ಟರ್‌ಡ್ಯಾಮ್‌ನಲ್ಲೇ ಅಚ್ಚಾಯಿತು. ಅದಕ್ಕೆ ಟಿಪ್ಪಣಿ ಬರೆದವರಲ್ಲಿ ಯಾನ್ ಕೊಮೆಲಿನ್ ಒಬ್ಬರು. ಮೇರಿಯಾನ್‌ಗೆ ಗಿಡಗಳ ಹೆಸರು ಹೇಳಿಕೊಟ್ಟ ಕಾಸ್ಪರ್ ಇವರ ಅಣ್ಣತಮ್ಮಂದಿರ ಮಗ.

ಮಕ್ಕಳು ಏನಾದರು?

ಇಬ್ಬರೂ ಅಮ್ಮನ ಜೊತೆ ದುಡಿದವರು, ಇಬ್ಬರೂ ಒಳ್ಳೆ ಕಲಾವಿದೆಯರು. ಹಿರಿಯಳು ಗಂಡನೊಂದಿಗೆ ಸುರಿನಾಮ್‌ಗೆ ಹೋಗಿ ನೆಲೆಸಿದಳು. 1715ರಲ್ಲಿ ಮೇರಿಯಾನ್‌ಗೆ ಪಾರ್ಶ್ವವಾಯು ಬಡಿಯಿತು, ಎರಡು ವರ್ಷಕ್ಕೆ ತೀರಿಕೊಂಡರು. ಅದೇ ಹೊತ್ತಿಗೆ ರಷ್ಯಾದ ದೊರೆ ಪೀಟರ್ ಅವರ ಚಿತ್ರಗಳ ದೊಡ್ಡ ಕಟ್ಟನ್ನೇ ಕೊಂಡ. ಡೊರೊಥಿಯಾ ಗಂಡನೊಂದಿಗೆ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋಗಿ ದೊರೆಯ ಸಂಗ್ರಹಾಲಯದಲ್ಲಿ ಚಿತ್ರಕಾರ್ತಿಯಾಗಿ ಕೆಲಸ ಮಾಡಿದಳು. ಮೇರಿಯಾನ್ ದಿನಚರಿಯಂತೆ ಬರೆದಿಟ್ಟ ಅಧ್ಯಯನದ ಪುಸ್ತಕ ಈಗಲೂ ಆ ಊರಿನಲ್ಲೇ ಇದೆ.

ಮನೆಯಲ್ಲಿ ಮಕ್ಕಳಿಗೆ ಇದನ್ನು ತೋರಿಸಬಹುದೇ?

ಖಂಡಿತ. ಕರಿಬೇವಿನ ಗಿಡವೋ ನಿಂಬೆ ಗಿಡವೋ ಇದ್ದರೆ ಸಾಕು. ಚಿಗುರೆಲೆಯ ಮೇಲೆ ಹಕ್ಕಿಯ ಹಿಕ್ಕೆಯಂಥ ಕಂದು ಬಿಳಿ ಬಣ್ಣದ್ದೊಂದು ಕಂಡರೆ ಒರೆಸಿ ಹಾಕಬೇಡಿ, ಅದು ಹುಳು. ಪೊರೆ ಬಿಡುತ್ತಾ ಬಿಡುತ್ತಾ ಕೊನೆಗೆ ಅಚ್ಚ ಹಸಿರಾಗುತ್ತದೆ. ಸ್ವಲ್ಪ ಕೆಣಕಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಹೊರಬರುತ್ತದೆ, ಘಾಟು ವಾಸನೆ ಬೇರೆ. ಗಾಳಿಯಾಡುವ ಡಬ್ಬಿಯಲ್ಲಿ ಇಟ್ಟರೆ ದಿನಾ ಅದೇ ಗಿಡದ ಹೊಸ ಎಲೆ ಹಾಕಿ, ಹಿಕ್ಕೆ ತೆಗೆದು ಹಾಕಿ. ನೀರು ಚಿಮುಕಿಸುವುದು ಬೇಡ. ಔಷಧಿ ಹೊಡೆದ ಎಲೆ ಹಾಕಿದರೆ ಸಾಯುತ್ತದೆ. ಕೋಶ ಕಟ್ಟಲು ಒಂದು ಕಡ್ಡಿ ಓರೆಯಾಗಿ ಇಡಿ. ಮೊಬೈಲ್‌ನಲ್ಲಿ ಫೋಟೋ ತೆಗೆಯುವುದರ ಜೊತೆಗೆ ಮಕ್ಕಳ ಕೈಯಲ್ಲಿ ದಿನಾ ಒಂದು ಚಿತ್ರ ಬರೆಸಿ, ತಾರೀಕು ಹಾಕಿಸಿ. ಬರೆಯುವಾಗ ಕಣ್ಣು ಜಾಸ್ತಿ ಹೊತ್ತು ನಿಲ್ಲುತ್ತದೆ. ಮೈತುಂಬ ಕೂದಲಿರುವ ಕಂಬಳಿಹುಳುವನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ.

ಅವರ ಚಿತ್ರಗಳನ್ನು ಎಲ್ಲಿ ನೋಡಬಹುದು?

ಮೂಲ ಜಲವರ್ಣಗಳು ಇಂಗ್ಲೆಂಡಿನ ರಾಜಮನೆತನದ ವಿಂಡ್ಸರ್ ಸಂಗ್ರಹದಲ್ಲಿ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಇವೆ. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. 1705ರ ಪುಸ್ತಕವನ್ನು ದೊಡ್ಡ ಗ್ರಂಥಾಲಯಗಳು ಪುಟ ಪುಟವಾಗಿ ಸ್ಕ್ಯಾನ್ ಮಾಡಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿವೆ. ಮೊದಲು 18ನೇ ಪಟ ತೆಗೆಯಿರಿ, ದೊಡ್ಡದು ಮಾಡಿ ಇರುವೆಗಳ ಕಾಲುಗಳನ್ನು ನೋಡಿ. ಆಮೇಲೆ 59ನೆಯದು: ಮರಿಗಳನ್ನು ಬೆನ್ನಿನ ಚರ್ಮದೊಳಗೇ ಹೊತ್ತು ತಿರುಗುವ ಸುರಿನಾಮ್ ಕಪ್ಪೆ. ಒಂದೊಂದು ಗುಳಿಯಿಂದ ಒಂದೊಂದು ಪುಟ್ಟ ಮರಿ ಹೊರಬರುತ್ತಿರುವುದನ್ನು ಅವರು ಬಿಡಿಬಿಡಿಯಾಗಿ ಬರೆದಿದ್ದಾರೆ.